ಮೂರು ದಿನದ ಮಟ್ಟಿಗೆ ಸತ್ತವರು

ನನ್ನ ಅಪ್ಪ-ಅವ್ವ ಸತ್ತದ್ದು ಒಂದು ಗುರುವಾರ, ಬೆಳಗಿನ ಎಂಟೂವರೆಯ ಉಳವಿ ಬಸ್ಸಿನಲ್ಲಿ. ಅವ್ವ ಕಿಟಕಿ ಪಕ್ಕ ಕೂತಿದ್ದಳು, ತೊಡೆಯ ಮೇಲೆ ಬುತ್ತಿಯ ಗಂಟು. ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನಗೆ ಕೊನೆಯ ಸೂಚನೆ ಕೊಡುತ್ತಿದ್ದ.

“ಜೋಯಿಡಾ ದಾಟೂತನಕ ನಾವು ಜೀವಂತ ಇರ್ತೇವಿ. ಏನರ ಕೇಳೂದಿದ್ರ ಅಷ್ಟ್ರಾಗ ಫೋನ್ ಮಾಡಿ ಕೇಳ್ಕೊ. ಜೋಯಿಡಾ ದಾಟಿದ್ವಿ ಅಂದ್ರ ಮುಗೀತು, ನಾವು ಸತ್ತಂಗ.”

“ವಾಪಸ್ ಯಾವಾಗ?”

“ರವಿವಾರ ಮಧ್ಯಾಹ್ನ.”

ಕಂಡಕ್ಟರನ ತಾಳ್ಮೆ ಮುಗಿದಿತ್ತು. “ಅಜ್ಜಾರ, ಸಾಯೂದು ಆಮ್ಯಾಲ ಸಾಯೀರಂತ. ಮೊದ್ಲ ಒಳಗ ಬರ್ರಿ, ಬಾಗಲಾ ಹಾಕೂದೈತಿ.”

ಬಸ್ಸು ಹೋಯಿತು. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಳುತ್ತಿದ್ದಳು. ನನ್ನ ಪಕ್ಕ ನಿಂತಿದ್ದ ಅಣ್ಣ ಆರಾಮಾಗಿ ಕೈ ಬೀಸುತ್ತಿದ್ದ.

ಇದು ಹುಚ್ಚರ ಮನೆ ಅಂತ ನಿಮಗೆ ಅನಿಸಿದರೆ ತಪ್ಪಿಲ್ಲ. ಆದರೆ ಇದಕ್ಕೊಂದು ಕಾರಣ ಇತ್ತು. ಕಾರಣ ನನ್ನ ಅಣ್ಣ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು, ಐವತ್ತಕ್ಕೆ ಎರಡು ಕಮ್ಮಿ. ಸರ್ಟಿಫಿಕೇಟಿನಲ್ಲಿ ‘ಬೌದ್ಧಿಕ ಅಂಗವೈಕಲ್ಯ’ ಎಂದು ಬರೆದಿದ್ದಾರೆ. ಓಣಿಯವರು ಮೊದಲು ಬೇರೆ ಏನೇನೋ ಅನ್ನುತ್ತಿದ್ದರು, ಈಗ ಎಲ್ಲರೂ ಸುಧಾರಿಸಿ ‘ಸ್ಪೆಶಲ್’ ಅನ್ನುತ್ತಾರೆ. ಅವನಿಗೆ ರೊಕ್ಕ ಎಣಿಸಲು ಬರುವುದಿಲ್ಲ, ಗಡಿಯಾರ ತಿಳಿಯುವುದಿಲ್ಲ, ಫಿಟ್ಸ್ ಬರದಂತೆ ದಿನಕ್ಕೆ ಎರಡು ಗುಳಿಗೆ ತಪ್ಪದೆ ನುಂಗಬೇಕು. ಗೊತ್ತಿರುವುದೇನು ಅಂದರೆ, ಅಂಬೇವಾಡಿಯಲ್ಲಿ ನಮ್ಮ ಓಣಿಯ ಪ್ರತಿಯೊಬ್ಬರ ಹೆಸರು, ಅವರ ನಾಯಿಗಳ ಹೆಸರು, ಮತ್ತು ಯಾರ ಮನೆಯಲ್ಲಿ ಯಾವ ವಾರ ಅವಲಕ್ಕಿ ಮಾಡುತ್ತಾರೆ ಎಂಬುದು. ಅಪ್ಪ ಕಾಗದದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿ ಹದಿನೆಂಟು ವರ್ಷವಾಯಿತು. ಈಗ ಅವನಿಗೆ ಎಪ್ಪತ್ತಾರು, ಅವ್ವನಿಗೆ ಎಪ್ಪತ್ತೆರಡು. ನಾನು ಮದುವೆಯಾಗಿ ಹಳಿಯಾಳದಲ್ಲಿದ್ದೇನೆ. ಇವರಿಬ್ಬರು ಹೋದ ಮೇಲೆ ಅಣ್ಣ ಎಲ್ಲಿರಬೇಕು, ಯಾರ ಜೊತೆ?

ನಲವತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಅವ್ವನ ಯೋಜನೆ ಇಷ್ಟೇ: “ಅವ ಹೋದ ಮರುದಿನ ನಾ ಹೋಗ್ತೇನಿ.” ದೇವರ ಹತ್ತಿರ ಹಾಗೇ ಅರ್ಜಿ ಹಾಕಿದ್ದಳು. ಅಪ್ಪನ ಯೋಜನೆ ಇನ್ನೂ ಸರಳ, ಸಾಯುವುದೇ ಇಲ್ಲ ಎಂಬುದು. ಕಾರ್ಖಾನೆಯಲ್ಲಿ ಮುಂದಿನ ಶಿಫ್ಟಿನವನು ಬರದೆ ಮಷಿನ್ ಬಿಟ್ಟು ಹೋಗುವ ಹಾಗಿರಲಿಲ್ಲ. “ರಿಲೀವರ್ ಬರ್ಲಿಲ್ಲಂದ್ರ ಡಬಲ್ ಶಿಫ್ಟ್, ಅಷ್ಟ,” ಅನ್ನುತ್ತಿದ್ದ.

ಹೋದ ವರ್ಷ ಡಬಲ್ ಶಿಫ್ಟಿನವನು ಬಚ್ಚಲಲ್ಲಿ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡ. ಧಾರವಾಡದಲ್ಲಿ ಆಪರೇಶನ್. ಅವ್ವ ಅವನ ಜೊತೆ ಹೋದಳು. ಅಣ್ಣನನ್ನು ನಾನು ಹಳಿಯಾಳಕ್ಕೆ ಕರೆದುಕೊಂಡು ಬಂದೆ. ಐದು ದಿನ ಇದ್ದ. ಐದೂ ದಿನ ಚಪ್ಪಲಿ ಹಾಕಿಕೊಂಡೇ ನಮ್ಮ ಪಡಸಾಲೆಯ ಬಾಗಿಲಲ್ಲಿ ಕೂತಿದ್ದ. ಊಟಕ್ಕೂ ಬಿಚ್ಚಲಿಲ್ಲ, ಮಲಗುವಾಗಲೂ ಬಿಚ್ಚಲಿಲ್ಲ. ನನ್ನ ಗಂಡ ಹೊಸ ಚಾದರಗಳ ಗತಿ ನೋಡಿ ನಿಟ್ಟುಸಿರು ಬಿಟ್ಟ. ಪಾಪ, ಅಪ್ಪ-ಅವ್ವನ ನೆನಪು ಕಾಡುತ್ತಿದೆ ಎಂದು ನಾವೆಲ್ಲ ನಮ್ಮನಮ್ಮಲ್ಲೇ ತೀರ್ಮಾನ ಮಾಡಿಕೊಂಡೆವು. ಅವನನ್ನು ಕೇಳಲಿಲ್ಲ. ಅವನನ್ನು ಕೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಅಪ್ಪನ ಭುಜ ಕೂಡಿಕೊಂಡ ಮೇಲೆ ನಾನೇ ಇಬ್ಬರನ್ನೂ ಹಳಿಯಾಳದ ಒಬ್ಬ ವಕೀಲರ ಹತ್ತಿರ ಎಳೆದುಕೊಂಡು ಹೋದೆ. ಅವರು “ನೀವು ತೀರ್ಕೊಂಡ ಮ್ಯಾಲ” ಅಂದಾಗಲೆಲ್ಲ ಅವ್ವ “ಬಿಡ್ತು ಅನ್ರಿ” ಅನ್ನುತ್ತಿದ್ದಳು. ಒಳ್ಳೆಯ ಮನುಷ್ಯ, ಮೊದಲ ಐದು ಸಲ ಬಿಡ್ತು ಅಂದರು. ಆಮೇಲೆ ಪೆನ್ನು ಕೆಳಗಿಟ್ಟರು.

“ಅಮ್ಮಾರ, ಹಂಗಾರ ನೀವಿಬ್ರೂ ಸಾಯಂಗಿಲ್ಲಂತ ಬರಕೊಂಡು ಬಿಡೂಣು. ನಿಮಗ ನೂರಾ ನಲವತ್ತಾದಾಗ ನಿಮ್ಮ ಮಗಗ ನೂರಾ ಹದಿನಾರು. ಇಬ್ರನ್ನೂ ಯಾರ ಎತ್ತಿ ಬಚ್ಚಲಕ್ಕ ಒಯ್ಯಾವ್ರು, ಅದನ್ನಷ್ಟ ಹೇಳ್ರಿ.”

ಅವ್ವ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

ವಕೀಲರು ಹೇಳಿದ್ದು ಇಷ್ಟು. ಮನೆಯ ಬಗ್ಗೆ ವಿಲ್ ಮಾಡಿ. ಪಾಲಕರು ಯಾರು ಅನ್ನುವ ಅರ್ಜಿ ತುಂಬಿ. ಅವನ ಗುಳಿಗೆ, ಊಟ, ರೂಢಿ ಎಲ್ಲ ಒಂದು ಕಡೆ ಬರೆದಿಡಿ. ಅವನ ಮುಂದೆ ಮುಚ್ಚಿಡದೆ ಬಿಡಿಸಿ ಹೇಳಿ. ಮತ್ತು ನೀವಿಲ್ಲದ ಎರಡು ಮೂರು ದಿನ ಬಿಟ್ಟು ನೋಡಿ, ಅಭ್ಯಾಸ ಆಗಲಿ. ಅರ್ಜಿಯನ್ನು ಅಲ್ಲೇ ಮೇಜಿನ ಮೇಲೆ ತುಂಬಿದೆವು. ಪಾಲಕರ ಜಾಗದಲ್ಲಿ ನನ್ನ ಹೆಸರು. ಮುಂದೆ ಎಲ್ಲಿ ವಾಸ ಎಂಬಲ್ಲಿ ನಮ್ಮ ಹಳಿಯಾಳದ ಮನೆ.

ವಕೀಲರ ಉಳಿದ ಮಾತುಗಳನ್ನು ಅಪ್ಪ ಕಾರ್ಖಾನೆಯ ಭಾಷೆಗೆ ತಿರುಗಿಸಿಕೊಂಡ. ಬರೆದಿಡಿ ಅಂದರೆ ಅವನ ಮಟ್ಟಿಗೆ ಶಿಫ್ಟ್ ಬಿಡುವವನು ಶಿಫ್ಟ್ ಹಿಡಿಯುವವನಿಗೆ ಬರೆದು ಕೊಡುವ ರಿಜಿಸ್ಟರ್. ಉದ್ದನೆಯ ರೂಲ್ ಪುಸ್ತಕ ತಂದ. ಅವ್ವ ಹೇಳುವುದು, ಅವನು ಬರೆಯುವುದು. ಎರಡು ತಿಂಗಳು ಜಗಳವಾಡಿ ತೊಂಬತ್ತೆರಡು ಪುಟ ತುಂಬಿಸಿದರು.

‘ಎ ಶಿಫ್ಟ್ (ಮುಂಜಾನೆ). ಎದ್ದ ತಕ್ಷಣ ಮಾತಾಡಿಸಬಾರದು. ಬಿಸಿಯಾಗಲು ಇಪ್ಪತ್ತು ನಿಮಿಷ ಬಿಡತಕ್ಕದ್ದು. ಜಳಕ: ತಾಯಿಯವರು ಹನ್ನೊಂದು ತಂಬಿಗೆ ನೀರು ಹಾಕತಕ್ಕದ್ದು. ಬಚ್ಚಲ ಚಿಲಕ ಹಾಕಲು ಬರುವುದಿಲ್ಲ. ರೊಟ್ಟಿ ನಾಲ್ಕು ತುಂಡು ಮಾಡತಕ್ಕದ್ದು, ಮೂರು ಮಾಡಿದರೆ ಲೋಡ್ ತೆಗೆದುಕೊಳ್ಳುವುದಿಲ್ಲ. ಅಸಹಜ ಶಬ್ದ ಬಂದಲ್ಲಿ ಮೊದಲು ಹೊಟ್ಟೆ ಚೆಕ್ ಮಾಡುವುದು.’

ಪ್ರತಿ ಪುಟದ ಕೆಳಗೆ ಶಿಫ್ಟ್ ಬಿಟ್ಟವರ ಸಹಿ, ಹಿಡಿದವರ ಸಹಿ. ನಾನು ತೊಂಬತ್ತೆರಡು ಸಹಿ ಹಾಕಿದೆ.

ಇನ್ನು ಅಭ್ಯಾಸ. “ಶಟ್‌ಡೌನ್ ಆದ ಮ್ಯಾಲ ಮಷಿನ್ ಸೀದಾ ಚಾಲೂ ಮಾಡ್ತಾರೇನು? ಮೊದ್ಲ ಟ್ರಯಲ್ ತಗೀತಾರ,” ಅಂದ ಅಪ್ಪ. ಹಾಗಾಗಿ ಉಳವಿಯ ಧರ್ಮಶಾಲೆಯಲ್ಲಿ ಮೂರು ದಿನ ಸತ್ತಿರುವುದೆಂದು ಠರಾವಾಯಿತು. ಸತ್ತವರು ಫೋನ್ ಮಾಡುವಂತಿಲ್ಲ, ನಾವೂ ಮಾಡುವಂತಿಲ್ಲ. ಮುಚ್ಚಿಡದೆ ಹೇಳಬೇಕಲ್ಲ, ಅದಕ್ಕೆ ಬುಧವಾರ ಅಣ್ಣನನ್ನು ಎದುರಿಗೆ ಕೂರಿಸಿಕೊಂಡ.

“ನೋಡಪಾ, ನಾನೂ ನಿಮ್ಮವ್ವನೂ ಮೂರ ದಿನ ಸತ್ತಿರ್ತೇವಿ. ನಾಳೆ ಹೋಗಿ ರವಿವಾರ ಬರ್ತೇವಿ. ಅಲ್ಲೀತನಕ ತಂಗಿ ಇರ್ತಾಳ.”

ಅಣ್ಣ ಯೋಚನೆ ಮಾಡಿದ. “ಎಲ್ಲಿ ಸಾಯ್ತೀರಿ?”

“ಉಳವ್ಯಾಗ.”

“ಅಲ್ಲಿ ಊಟಾ ಸಿಗತೈತೇನು?”

“ದಾಸೋಹ ಐತಿ.”

“ಹಂಗಾರ ಚಲೋ ಆತು.”

ಗುರುವಾರ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದು ರಿಜಿಸ್ಟರ್ ತೆರೆದು ಜಳಕದ ಪುಟಕ್ಕೆ ಬಂದೆ. ತಂಬಿಗೆ ಹಿಡಿದು ಬಚ್ಚಲ ಬಾಗಿಲಿಗೆ ಹೋದರೆ ಅಣ್ಣ ಒಳಗಿನಿಂದ ಚಿಲಕ ಹಾಕಿಕೊಂಡ. ಬರುವುದಿಲ್ಲ ಎಂದು ಸಹಿ ಸಮೇತ ದಾಖಲಾಗಿದ್ದ ಅದೇ ಚಿಲಕ. ಹದಿನೈದು ನಿಮಿಷಕ್ಕೆ ಮೈ ಒರೆಸಿಕೊಂಡು, ಅಂಗಿಯ ಗುಂಡಿ ಒಂದು ಹೆಚ್ಚುಕಮ್ಮಿ ಹಾಕಿಕೊಂಡು ಹೊರಗೆ ಬಂದ.

“ನಿನಗ ಜಳಕಾ ಬರತೈತೇನು?”

“ಹೂಂ. ಅವ್ವ ಹಾಕಿದ್ರ ಕಣ್ಣಾಗ ಸೋಪ್ ಹೋಗತೈತಿ.”

“ಮತ್ತ ಯಾಕ ದಿನಾ ಹಾಕಿಸ್ಕೊಂತಿ?”

“ಅವ್ವಗ ಚಲೋ ಅನಸತೈತಿ,” ಅಂದ. ನನಗೇ ಬುದ್ಧಿ ಕಮ್ಮಿ ಎಂಬಂತೆ ನೋಡಿದ.

ಅಷ್ಟು ಹೊತ್ತಿಗೆ ಫೋನ್. ಅವ್ವ. “ಇನ್ನೂ ಜೋಯಿಡಾ ದಾಟಿಲ್ಲವಾ, ಜೀವಂತ ಅದೇವಿ. ಹಾಲು ಕಾಸೀದಿ?” ಮುಂದಿನ ಫೋನ್ ಕಂಡಕ್ಟರನ ನಂಬರಿನಿಂದ. ಜೋಯಿಡಾ ದಾಟಿ ಕುಂಬಾರವಾಡದಲ್ಲಿ ಬಸ್ಸು ನಿಂತಿತ್ತಂತೆ. “ಸತ್ತೇನಿ, ಖರೇ. ಆದ್ರ ಒಂದ ಮಾತು, ಅವನ ಟಾವೆಲ್ ಬಿಸಲಿಗೆ ಹಾಕು.”

ಇದನ್ನೆಲ್ಲ ನಗುತ್ತ ಸಹಿಸಿಕೊಂಡೆ. ಮಧ್ಯಾಹ್ನ ನಗು ನಿಂತಿತು. ಬಟ್ಟೆ ಒಣಹಾಕಿ ಒಳಗೆ ಬಂದರೆ ಅಡುಗೆಮನೆ ತುಂಬ ಗ್ಯಾಸಿನ ವಾಸನೆ. ನನಗೆ ಚಹಾ ಮಾಡಿಕೊಡೋಣ ಅಂತ ಅಣ್ಣ ಒಲೆಯ ಗುಂಡಿ ಪೂರ್ತಿ ತಿರುಗಿಸಿದ್ದ, ಕಡ್ಡಿಪೆಟ್ಟಿಗೆ ಕಾಣದೆ ಪಕ್ಕದ ಮನೆಗೆ ಕೇಳಲು ಹೋಗಿದ್ದ. ಗುಂಡಿ ಮುಚ್ಚಿ, ಕಿಟಕಿ ಬಾಗಿಲು ಎಲ್ಲ ತೆರೆದು ಅಂಗಳಕ್ಕೆ ಓಡಿ ಬಂದೆ. ಅಣ್ಣ ಕಡ್ಡಿಪೆಟ್ಟಿಗೆ ಅಲ್ಲಾಡಿಸುತ್ತ ಗೇಟಿನೊಳಗೆ ಬರುತ್ತಿದ್ದ. ಕೈಯಿಂದ ಕಸಿದುಕೊಂಡೆ. ಆಗಲೇ ಫೋನ್ ಬರಬೇಕೇ? ಹೊಸ ನಂಬರು, ದಪ್ಪ ದನಿ.

“ನಮಸ್ಕಾರ್ರಿ. ನಾವು ಗ್ಯಾಸ್ ಆಫೀಸ್‌ನಿಂದ ಮಾತಾಡಾಕತ್ತೇವಿ. ನಿಮ್ಮ ಮನಿಯಾಗ ಎಲ್ಲಾರೂ ಊಟಾ ಮಾಡ್ಯಾರೇನ್ರಿ?”

“ಅಪ್ಪಾ, ಗ್ಯಾಸ್ ಆಫೀಸ್‌ನ್ಯಾವ್ರು ಊಟಾ ಕೇಳಂಗಿಲ್ಲ. ಸತ್ತ ಮ್ಯಾಲ ಸುಮ್ನ ಸತ್ತಿರಬೇಕು. ಫೋನ್ ಬಂದ್ ಮಾಡು!”

ಆ ದಿನ ಅಷ್ಟು ಜೋರು ಮಾಡಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಕೂತು ರಿಜಿಸ್ಟರ್ ಪೂರ್ತಿ ತಿರುವಿದೆ. ಗ್ಯಾಸ್ ಒಲೆಯ ಬಗ್ಗೆ ಒಂದು ಸಾಲು ಇರಲಿಲ್ಲ. ಅವ್ವ ಇದ್ದಾಗ ಅವನು ಒಲೆಯ ಹತ್ತಿರ ಹೋಗುವ ಪ್ರಶ್ನೆಯೇ ಬಂದಿರಲಿಲ್ಲ. ಅವ್ವ ಇಲ್ಲದ ದಿನಕ್ಕೆಂದು ಬರೆದ ಪುಸ್ತಕದ ಪ್ರತಿ ಪುಟದಲ್ಲೂ ಅವ್ವ ಇದ್ದಳು.

ಅಪ್ಪ ಈ ಸಲ ಮಾತು ಕೇಳಿದ. ಎರಡೂ ಫೋನ್ ಬಂದ್ ಮಾಡಿ ಚೀಲಕ್ಕೆ ಹಾಕಿದನಂತೆ. ಮಾತು ಕೇಳಬಾರದ ದಿನ ಕೇಳಿದ.

ಶುಕ್ರವಾರ ಬೆಳಿಗ್ಗೆ ಅಣ್ಣ ಎಂದಿನಂತೆ ಹಾಲು ತರಲು ಹೋದ. ಅದು ಅವನದೇ ಕೆಲಸ, ಇಪ್ಪತ್ತು ವರ್ಷದಿಂದ. ಹಾಲಿನ ಅಂಗಡಿಯಲ್ಲಿ ಯಾರೋ “ಅಪ್ಪ ಎಲ್ಲಿ, ನಿನ್ನೆಯಿಂದ ಕಾಣಲಿಲ್ಲಲಾ?” ಎಂದು ಕೇಳಿದ್ದಾರೆ. ಮುಚ್ಚಿಡಬೇಡಿ ಎಂದು ವಕೀಲರು ಹೇಳಿದ್ದರಲ್ಲ, ಅಣ್ಣ ಮುಚ್ಚಿಡಲಿಲ್ಲ.

“ಸತ್ತಾನ. ಅವ್ವನೂ ಸತ್ತಾಳ. ನಿನ್ನೆ ಉಳವಿ ಬಸ್ಸಿನ್ಯಾಗ. ರವಿವಾರ ಬರ್ತಾರ.”

ನಾನು ತಲೆಗೆ ಎರೆದುಕೊಂಡು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಮಾವಶಿ ನಮ್ಮ ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಮಾವಶಿ ಮರಾಠಿಯವಳು, ಅವ್ವನ ಮೂವತ್ತು ವರ್ಷದ ಗೆಳತಿ.

“ಅಗಬಾಯಿ! ಬುಧವಾರ ಸಂಜೀಕ ಉಪ್ಪಿನಕಾಯಿ ಭರಣಿ ಕೊಟ್ಟು, ಇನ್ ಮ್ಯಾಲ ನನ್ನ ಮಗನ್ನ ಕಡೆ ನೀವ ಲಕ್ಷ ಇಡ್ರಿ ಅಂದ್ಳು. ನಾ ಮೂರ್ಖಿ, ತಿಳೀಲಿಲ್ಲ. ಅವಳಿಗೆ ಮೊದ್ಲ ಗೊತ್ತಾಗಿತ್ತು!”

“ಮಾವಶಿ, ಅವ್ವ ಆರಾಮ ಅದಾಳ್ರೀ. ಸುಮ್ನ ಟ್ರಯಲ್‌ಗೆ ಸತ್ತಾರ.”

ಮಾವಶಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. “ಅಳು ಮಗಳ, ಅಳು. ಅಳಲಿಲ್ಲಂದ್ರ ತಲಿಗೆ ಏರತೈತಿ.”

ನಿಜ ಹೇಳಿದಷ್ಟೂ ನನ್ನ ತಲೆ ಕೆಟ್ಟಿದೆ ಎಂಬುದು ಗಟ್ಟಿಯಾಗುತ್ತ ಹೋಯಿತು. ಹತ್ತು ಗಂಟೆಗೆ ಅಂಗಳ ತುಂಬಿತು. ಬಸ್ಸು ಘಾಟಿನಲ್ಲಿ ಉರುಳಿದೆ ಎಂದು ಒಬ್ಬರು, ಇಲ್ಲ, ಇಬ್ಬರಿಗೂ ಗುಡಿಯ ಮೆಟ್ಟಿಲ ಮೇಲೇ ಹೃದಯ ನಿಂತಿತು ಎಂದು ಇನ್ನೊಬ್ಬರು. ಫೋನ್ ಮಾಡಿ ನೋಡಿ ಎಂದೆ. ಎಲ್ಲರೂ ಮಾಡಿದರು. ಸ್ವಿಚ್ ಆಫ್. ಸ್ವಿಚ್ ಆಫ್ ಅಂದ ಮೇಲೆ ಇನ್ನೇನು ಬೇಕು?

ಸತ್ತವರ ಮನೆಗೆ ಮಾತಾಡಿಸಲು ಬಂದವರು ಬರಿಗೈಲಿ ಬರುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು, ಓಣಿಯವರೇ ಊಟ ತರಬೇಕು. ರೊಟ್ಟಿ ಬಂತು, ಜುಣಕ ಬಂತು, ಎರಡು ಪಾತೇಲಿ ಅನ್ನ-ಸಾರು ಬಂತು, ಕಿಟ್ಲಿ ತುಂಬ ಚಹಾ ಬಂತು. ಅಣ್ಣನಿಗೆ ಹಬ್ಬ. ಅಪ್ಪನ ಕುರ್ಚಿಯಲ್ಲಿ ಕೂತು, ಬಂದವರನ್ನೆಲ್ಲ ಹಿರಿಯ ಮಗನ ಗತ್ತಿನಲ್ಲಿ ಬರಮಾಡಿಕೊಳ್ಳುತ್ತಿದ್ದ. “ಬರ್ರಿ, ಕುಂಡ್ರಿ. ಊಟಾ ಮಾಡ್ರಿ, ಭಾಳ ಐತಿ. ಇಬ್ರೂ ಸತ್ತಾರ. ರವಿವಾರ ಬರ್ತಾರ.” ಅದನ್ನು ಕೇಳಿ ಗಂಡಸರೂ ಕಣ್ಣು ಒರೆಸಿಕೊಂಡರು.

ಆಮೇಲೆ ಮಾತು ಬರಬೇಕಾದಲ್ಲಿಗೆ ಬಂತು. ಅವನ ಎದುರಿಗೇ, ಅವನಿಲ್ಲ ಎಂಬಂತೆ.

“ಇನ್ನ ಈ ಹುಡುಗನ ಗತಿ?” ನಲವತ್ತೆಂಟರ ಹುಡುಗ ರೊಟ್ಟಿ ತಿನ್ನುತ್ತಿದ್ದ.

ಮಾವಶಿ ಮೊದಲು ಬಾಯಿ ಬಿಟ್ಟಳು. “ಅವಳ ಆತ್ಮಾ ನೋಡಾಕತ್ತೈತಿ. ನಾ ಇರೂತನಕ ಮಧ್ಯಾಹ್ನದ ಊಟಾ ನಮ್ಮ ಮನಿಯಾಗ.” ಔಷಧಿ ಅಂಗಡಿಯ ಭಾಯ್ ಎದ್ದು ನಿಂತ. “ಗುಳಗಿ ಜವಾಬ್ದಾರಿ ನಂದು. ತಿಂಗಳಾ ತಿಂಗಳಾ ನಾನ ಬಂದು ಪಟ್ಟಿ ನೋಡಿ ಹೋಗ್ತೀನಿ.” ಅಪ್ಪನ ದೋಸ್ತ, ಮೂವತ್ತು ವರ್ಷ ಒಂದೇ ಶಿಫ್ಟಿನಲ್ಲಿ ದುಡಿದ ಕಾಕಾ, ಚೆಂಡುಹೂವಿನ ದೊಡ್ಡ ಹಾರ ಹಿಡಿದು ಬಂದಿದ್ದ. ಹಾಕಲು ಫೋಟೋ ಸಿಗದೆ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದ. “ಮುಂಜಾನಿ ಸಂಜೀಕ ನನ್ನ ಜೋಡಿ ತಿರಗಾಡಾಕ ಬರ್ಲಿ. ನನ್ನ ಉಸಿರಿರ‍್ತನಕ,” ಅಂದ.

ನಾನು ನಿಜ ಹೇಳುವುದನ್ನು ನಿಲ್ಲಿಸಿದೆ. ರಿಜಿಸ್ಟರ್ ತೆಗೆದು ಹಿಂದಿನ ಖಾಲಿ ಪುಟದಲ್ಲಿ ಒಂದೊಂದೇ ಬರೆದುಕೊಂಡೆ, ಯಾರು, ಏನು, ಎಷ್ಟು ಹೊತ್ತಿಗೆ. ಪಕ್ಕದಲ್ಲಿ ಸಹಿ ಮಾಡಿಸಿಕೊಂಡೆ. ದುಃಖದಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ. ನಾಚಿಕೆ ಆಗಲಿಲ್ಲವೇ ಅಂದರೆ, ಇಲ್ಲ. ಹಿಂದಿನ ದಿನ ಗ್ಯಾಸಿನ ವಾಸನೆ ಕುಡಿದಿದ್ದವಳು ನಾನು.

ಹನ್ನೆರಡಕ್ಕೆ ನನ್ನ ಗಂಡ ಹಳಿಯಾಳದಿಂದ ಬೈಕಿನಲ್ಲಿ ಬಂದ. ಬಿಳಿ ಅಂಗಿ, ಬಿಳಿ ಟೋಪಿ. ಅವನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಟ್ರಯಲ್ ಎಂಬುದು ಅವನಿಗೆ ಗೊತ್ತಿತ್ತು. ಆದರೂ ನನ್ನನ್ನು ಮೂಲೆಗೆ ಕರೆದು ಕೇಳಿದ, “ಲೇ, ಖರೇನ ಸತ್ತಾರೇನು?”

“ಇಲ್ರೀ.”

“ಮತ್ತ ಇಷ್ಟ ಮಂದಿ?”

“ಅವ್ರು ನನ್ನ ಮಾತು ನಂಬವಲ್ರು. ನೀವರ ಹೇಳ್ರಿ.”

ಅವನು ಹೇಳಲು ಅಂಗಳಕ್ಕೆ ಇಳಿದ. ಐವತ್ತು ಕಣ್ಣು ಅವನ ಮೇಲೆ. ಅಷ್ಟು ಮಂದಿ ಅಳುತ್ತ ನೋಡುತ್ತಿದ್ದರೆ ಮನುಷ್ಯನಿಗೆ ಏನೋ ಆಗುತ್ತದೆ. ಗಂಟಲು ಸರಿ ಮಾಡಿಕೊಂಡು, “ಅವನ ಸಲುವಾಗಿ ನಾ ಏನ ಬೇಕಾದ್ರೂ ಮಾಡಾಕ ತಯಾರ ಅದೇನಿ. ನಮ್ಮ ಹಳಿಯಾಳ ಮನಿಯಾಗ ರಾಜಾನಂಗ ಇರ್ತಾನ,” ಅಂದುಬಿಟ್ಟ. ಅದನ್ನೂ ಬರೆದುಕೊಂಡೆ.

ಆಗ ಅಣ್ಣ ತಟ್ಟೆ ಕೆಳಗಿಟ್ಟ.

“ನಾ ಒಲ್ಲೆ. ಹಳಿಯಾಳಕ್ಕ ಬರಂಗಿಲ್ಲ.”

“ಯಾಕೋ? ಹಿಂದಕ ಐದ್ ದಿನಾ ಇದ್ದಿಲ್ಲೇನು?” ಅಂದೆ.

“ನೀ ಬರಲೇ ಇಲ್ಲಲಾ!” ಅಣ್ಣ ನಿಜವಾಗಿ ಸಿಟ್ಟಾಗಿದ್ದ. “ಐದ್ ದಿನಾ ಚಪ್ಪಲಿ ಹಾಕ್ಕೊಂಡು ಕುಂತಿದ್ನಿ. ಅಣ್ಣ ಕರಿಯಾಕ ಬಂದಾಗ ಚೀಲಾ ತುಂಬ್ಕೊಂಡು ಹೊಂಡಬೇಕೋ ಬ್ಯಾಡೋ? ನೀ ಬರೇ ಅಡಗಿ ಮಾಡ್ಕೋಂತ ಕುಂತಿ.”

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರತಿ ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬರುವವನು ಅಣ್ಣ. ಅಪ್ಪ ಬಸ್ಸಿನಲ್ಲಿ ಜೊತೆಗೆ ಬಂದರೂ ಗೇಟಿನ ಹೊರಗೆ ನಿಲ್ಲುತ್ತಾನೆ. ಕೊಬ್ಬರಿ, ಕುಬಸ ಇದ್ದ ಚೀಲ ಹಿಡಿದು ಒಳಗೆ ಬರುವವನು ಅಣ್ಣನೇ. ಕರೆಯಲು ಬಂದವನು ಚಪ್ಪಲಿ ಬಿಚ್ಚಿ ಗಟ್ಟಿಯಾಗಿ ಕೂರುವುದಿಲ್ಲ, ತಂಗಿ ತಯಾರಾಗುವವರೆಗೆ ಬಾಗಿಲಲ್ಲಿ ಕೂರುತ್ತಾನೆ. ಇಪ್ಪತ್ತು ವರ್ಷದಲ್ಲಿ ಅವನು ಹಳಿಯಾಳಕ್ಕೆ ಬಂದದ್ದು ಆ ಒಂದೇ ಕೆಲಸಕ್ಕೆ. ಐದು ದಿನ ಅವನು ಅಪ್ಪ-ಅವ್ವನನ್ನು ನೆನೆಸಿಕೊಂಡು ಕೂತಿರಲಿಲ್ಲ. ನನಗಾಗಿ ಕಾಯುತ್ತಿದ್ದ.

“ಅಣ್ಣ ತಂಗಿ ಮನಿಯಾಗ ಇದ್ರ,” ಅಂದ ಅಣ್ಣ, ಎಲ್ಲರಿಗೂ ತಿಳಿಯಲಿ ಎಂದು ನಿಧಾನವಾಗಿ, “ಪಂಚಮಿಗೆ ತಂಗೀನ ಕರಿಯಾಕ ಎಲ್ಲಿಂದ ಬರಬೇಕು? ಕರಕೊಂಡು ಎಲ್ಲಿಗೆ ಹೋಗಬೇಕು? ನಾ ಇಲ್ಲೇ ಇರ್ತೇನಿ. ಇದು ಆಕಿ ತವರಮನಿ.”

ವಕೀಲರ ಮೇಜಿನ ಸುತ್ತ ನಾವು ನಾಲ್ವರು ಬುದ್ಧಿವಂತರು ಕೂತು ಅವನ ಮುಂದಿನ ಜೀವನದ ವಿಳಾಸ ಬರೆದಿದ್ದೆವು. ಅದರಲ್ಲಿ ನನ್ನ ತವರುಮನೆ ಇಲ್ಲವಾಗುತ್ತಿದೆ ಎಂಬುದು ಅಪ್ಪನಿಗೆ ಹೊಳೆದಿರಲಿಲ್ಲ, ಅವ್ವನಿಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಈಗ ಅತ್ತಳು, ಇನ್ನು ಹಗುರಾಗುತ್ತಾಳೆ ಎಂದು ಮಾವಶಿ ಸಮಾಧಾನಪಟ್ಟಳು.

ನಾಲ್ಕು ಗಂಟೆಗೆ ನನ್ನ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಉಳವಿಯಿಂದಲೇ ಇರಬೇಕು, ಸುದ್ದಿ ಬಂತು ಎಂದು ಎಲ್ಲರೂ ಮುತ್ತಿಕೊಂಡರು. ಸ್ಪೀಕರ್ ಹಾಕು, ಸ್ಪೀಕರ್ ಹಾಕು ಅಂದರು. ಹಾಕಿದೆ.

“ನಮಸ್ಕಾರ್ರಿ,” ಅಂತು ದಪ್ಪ ದನಿ. “ನಾವು ನೀರಿನ ಆಫೀಸ್‌ನ್ಯಾವ್ರು. ನಿಮ್ಮ ಅಣ್ಣಾರು ಸಂಜೀ ಗುಳಗಿ ತಗೊಂಡಾರೇನ್ರಿ?”

ಕಾಕಾನ ಕೈಯಿಂದ ಹಾರ ಬಿತ್ತು. ಮೂವತ್ತು ವರ್ಷ ಮಷಿನ್ ಸದ್ದಿನ ನಡುವೆ ಕೇಳಿದ ದನಿ ಅದು. “ಲೇ ಹಲ್ಕಾ! ನೀ ಜೀವಂತ ಅದಿಯೇನಲೇ?”

ಆ ಕಡೆ ದಪ್ಪ ದನಿ ಹೋಗಿ ಅಪ್ಪನ ದನಿ ಬಂತು. “ಯಾರದು? ನೀ ನಮ್ಮ ಮನಿಯಾಗ ಏನ ಮಾಡಾಕತ್ತೀ?”

“ನಿನ್ನ ಮಣ್ಣಿಗೆ ಬಂದೇನಿ! ಹಾರ ತಂದೇನಿ! ಬಾ ಇಲ್ಲಿ, ಕೊಳ್ಳಾಗ ಹಾಕಿ ಬಿಗೀತೇನಿ!”

ಅಂಗಳ ನಿಧಾನಕ್ಕೆ ಖಾಲಿಯಾಯಿತು. ಕೆಲವರು ನಕ್ಕರು, ಕೆಲವರು ತಂದ ಪಾತೇಲಿ ವಾಪಸು ಕೇಳಿದರು. ಕಾಕಾ ಹೋಗುವಾಗ ರಿಜಿಸ್ಟರಿನತ್ತ ಕೈ ತೋರಿಸಿ, “ಹಂಗಾರ ಅದೆಲ್ಲಾ ಕ್ಯಾನ್ಸಲ್ ಅಲಾ?” ಅಂದ.

“ಇಲ್ರೀ ಕಾಕಾ. ಸತ್ತವರ ಮನಿಯಾಗ ಆಡಿದ ಮಾತು. ತಿರುಗಿ ತಗೊಳಾಕ ಬರಂಗಿಲ್ಲ.”

“ಯಾರೂ ಸತ್ತಿಲ್ಲಲಾ?”

“ನೀವು ಮಾತ ಕೊಡೂ ಮುಂದ ಅವ್ರು ಸತ್ತಿದ್ರಲಾ.”

ಕಾಕಾ ಶನಿವಾರ ಮುಂಜಾನೆ ಆರಕ್ಕೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಅಣ್ಣನೂ ಅವನೂ ಬೈದಾಡುತ್ತ ಹೋದರು.

ರವಿವಾರ ಮಧ್ಯಾಹ್ನ ಅಪ್ಪ-ಅವ್ವ ಬಂದರು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಸಿಕ್ಕವರೆಲ್ಲ ಬೈದಿದ್ದರಿಂದ ಅಪ್ಪನ ಮುಖ ಸಣ್ಣದಾಗಿತ್ತು. ನೀರು ಕುಡಿದು ಕೇಳಿದ ಮೊದಲ ಪ್ರಶ್ನೆ, “ಎಷ್ಟ ಮಂದಿ ಬಂದಿದ್ರು?”

“ಇಪ್ಪತ್ತೈದು ಮೂವತ್ತು.”

“ಅಷ್ಟ?” ಅಂದ ಅಪ್ಪ.

ಅವ್ವನಿಗೆ ಎಲ್ಲ ಹೇಳಿದೆ. ಗ್ಯಾಸ್ ಹೇಳಿದಾಗ ಎದೆ ಹಿಡಿದುಕೊಂಡಳು. ಆದರೆ ಅವಳು ನಿಜವಾಗಿ ಕುಸಿದದ್ದು ಜಳಕದ ಮಾತಿಗೆ. “ಚಿಲಕಾ ಹಾಕ್ಕೊಂಡು? ತಾನ ಒಬ್ಬಾವ?” ಅಂತ ಎರಡು ಸಲ ಕೇಳಿದಳು. ಖುಷಿಯೋ ದುಃಖವೋ ಹೇಳಲು ಬರುವಂತಿರಲಿಲ್ಲ. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು, ಅವಕ್ಕೆ ಈಗ ಏನು ಕೆಲಸ ಎಂಬಂತೆ.

ವಕೀಲರಿಗೆ ಇನ್ನೂ ಕೊಡದೆ ಮನೆಯಲ್ಲೇ ಇದ್ದ ಪಾಲಕರ ಅರ್ಜಿಯನ್ನು ತರಲು ಅಪ್ಪ ಹೇಳಿದ. ಪಂಚಮಿಯ ಮಾತನ್ನು ಮೂರು ಸಲ ಬಿಡಿಸಿ ಬಿಡಿಸಿ ಕೇಳಿದ. ಆಮೇಲೆ ವಾಸದ ಜಾಗದಲ್ಲಿದ್ದ ಹಳಿಯಾಳವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅಂಬೇವಾಡಿಯ ಮನೆಯ ನಂಬರು ಬರೆದ. ವಿಲ್ ಕೂಡ ಹಾಗೇ ಆಗಬೇಕೆಂದ. ಮನೆ ಅಣ್ಣ ಇರುವವರೆಗೆ ಅಣ್ಣನದು, ಅವರಿಬ್ಬರು ಹೋದ ಮೇಲೆ ನಾನೂ ನನ್ನ ಗಂಡನೂ ಬಂದು ಅಲ್ಲಿ ಅವನ ಜೊತೆ ಇರಬೇಕು. ಪಂಚಮಿಗೆ ಮೊದಲು ನಾನು ಹಳಿಯಾಳಕ್ಕೆ ಹೋಗಿ ಕೂರಬೇಕು, ಅಣ್ಣ ಬಂದು ಕರೆಯಬೇಕು.

ನನ್ನ ಗಂಡನಿಗೆ ಈಗ ತಲೆಬಿಸಿ. “ಅಂದ್ರ ನಾ ಈ ವಯಸಿನ್ಯಾಗ ಮನಿ ಅಳಿಯಾ ಆಗಬೇಕೇನು? ಮಂದಿ ಏನಂತಾರ?”

“ಏನ ಬೇಕಾದ್ರೂ ಮಾಡಾಕ ತಯಾರ ಅದೇನಿ ಅಂತ ಐವತ್ತ ಕಣ್ಣಿನ ಮುಂದ ಅಂದೀರಿ,” ಅಂದೆ. ಅವನು ಮೇಲೆ ಫ್ಯಾನ್ ನೋಡಿದ.

ಅವ್ವ ಅಣ್ಣನ ಹತ್ತಿರ ಹೋಗಿ ಕೂತಳು. ತಪ್ಪಿ ಹಾಕಿದ ಗುಂಡಿ ಸರಿ ಮಾಡಲು ಕೈ ಎತ್ತಿ, ಹಾಗೇ ಇಳಿಸಿದಳು.

“ನಾವಿಲ್ದಾಗ ಅತ್ತೇನೋ?”

“ಇಲ್ಲ.”

“ನೆನಪರ ಆತೇನು?”

“ಆತು. ಗುರವಾರ ಸಂಜೀಕ ಆತು. ಶುಕ್ರವಾರ ಮಂದಿ ಬಂದ್ರು, ಮತ್ತ ಆಗಲಿಲ್ಲ.” ಆಮೇಲೆ ಅವನೇ ಕೇಳಿದ, “ಮತ್ತ ಯಾವಾಗ ಸಾಯ್ತೀರಿ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ಬೆರಳಿಟ್ಟ.

“ಮುಂದಿನ ತಿಂಗಳಾ, ಹದಿನೇಳಕ್ಕ?”

“ಅವತ್ತ ಅಮವಾಸಿ,” ಅಂದಳು ಅವ್ವ. “ಅಮವಾಸಿ ದಿನಾ ಸಾಯೂದು ಚಲೋ ಅಲ್ಲ. ಮುಂದಿನ ವಾರ ಇಡ್ರಿ. ಮುಂಡಗೋಡಕ್ಕ ಹೋಗೂಣು, ನಮ್ಮ ತಂಗಿ ಮನಿಗೆ.”

“ಆತು. ಮೂರ ದಿನಾ.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಣ್ಣನ ಅಂಗಿಯ ಕಡೆ ಇನ್ನೊಮ್ಮೆ ನೋಡಿದಳು.

“ಐದ್ ದಿನಾ ಬರೀರಿ,” ಅಂದಳು. “ನಮ್ಮ ತಂಗಿ ಮೂರ ದಿನಕ್ಕ ಬಿಡಂಗಿಲ್ಲ.”